ಕೂಗುವುದಕ್ಕೆ ಒಂದು ಬಟನ್

ನಮ್ಮೂರಿನಲ್ಲಿ ಯಾವುದಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ ಹೆಜ್ಜೆಯಲ್ಲಿ ಹೇಳುತ್ತೇವೆ. ನನ್ನ ಮನೆ ಬಾಗಿಲಿನಿಂದ ಹಾಲಿಗೆ ನೂರಾ ಹತ್ತು ಹೆಜ್ಜೆ. ಇದ್ದಿಲಿಗೆ ಇನ್ನೂರ ಅರವತ್ತು, ಮೂಟೆ ಹೊತ್ತು ಬರುವಾಗ ಅದೇ ಇನ್ನೂರ ತೊಂಬತ್ತಾಗುತ್ತದೆ. ಡಾಕ್ಟರ ಮನೆಗೆ ನಾನೂರು. ಕೆಳಗಿನ ನೀರಿನ ಟ್ಯಾಂಕಿಗೆ ಐನೂರು. ಬಸ್ಸು ನಿಲ್ಲುವ ಜಾಗಕ್ಕೆ ಎರಡು ಸಾವಿರದ ಮುನ್ನೂರು, ಫೋನಿನ ಸಿಗ್ನಲ್ ಸಿಗುವುದೂ ಅಲ್ಲೇ. ನೂರು ಹೆಜ್ಜೆಗೆ ಒಂದು ನಿಮಿಷ. ಇದರಲ್ಲಿ ಚೌಕಾಸಿ ಇಲ್ಲ, ಉಳ್ಳವರಿಗೊಂದು ಇಲ್ಲದವರಿಗೊಂದು ಎಂಬುದೂ ಇಲ್ಲ. ಯಾಕೆಂದರೆ ನಮ್ಮೂರಿನಲ್ಲಿ ಯಾರಿಗೂ ಓಡಲು ಆಗುವುದಿಲ್ಲ.

ಓಡಲು ಹೋದರೆ ನೆಲ ಹಿಡಿಯುತ್ತದೆ. ಮೊದಲನೆಯ ಹೆಜ್ಜೆ ಏಳುತ್ತದೆ, ಎರಡನೆಯದು ಏಳುವುದಿಲ್ಲ. ಎಳೆದಷ್ಟೂ ಬಿಗಿಯಾಗುತ್ತದೆ. ಒಳಗಿನ ಅವಸರ ಇಳಿದ ಮೇಲೆ ತಾನೇ ಬಿಡುತ್ತದೆ. ಚಕ್ರಕ್ಕೂ ಇದೇ ನಿಯಮ, ಆದ್ದರಿಂದ ಆಟೋ, ಬೈಕು ಎಲ್ಲ ಊರ ಹೊರಗೇ ನಿಲ್ಲುತ್ತವೆ. ಕಳ್ಳ ನಡೆದುಕೊಂಡು ಹೋಗುತ್ತಾನೆ, ಪೊಲೀಸಿನವನು ಹಿಂದೆ ನಡೆದುಕೊಂಡು ಹೋಗುತ್ತಾನೆ. ಊರು ದಾಟುವ ಹೊತ್ತಿಗೆ ಸಾಮಾನ್ಯವಾಗಿ ಇಬ್ಬರಿಗೂ ಒಂದು ಮಾತುಕತೆ ಆಗಿರುತ್ತದೆ. ಪರ ಊರಿನಿಂದ ಬಂದ ನಾಯಿ ಒಂದು ವಾರ ಒದ್ದಾಡಿ ಆಮೇಲೆ ಬೆಕ್ಕಿನ ಹಾಗೆ ನಡೆಯಲು ಕಲಿಯುತ್ತದೆ.

ಅವಸರದ ಕೆಲಸಕ್ಕೆ ನಮಗಿರುವುದು ಕೂಗುಸಾಲು. ಬೀದಿಯಲ್ಲಿ ಮೂವತ್ತು ನಲವತ್ತು ಹೆಜ್ಜೆಗೊಂದು ಮನೆ ಸಾಲಿನಲ್ಲಿರುತ್ತದೆ. ಕೆಳಗಿನಿಂದ ಕೂಗು ಬಂದರೆ ಬಾಗಿಲಲ್ಲಿ ನಿಂತು, ಬಲಗೈ ಎತ್ತಿ, ಯಾರು, ಎಲ್ಲಿ, ಏನಾಗಿದೆ, ಯಾರನ್ನು ಕರೆಯಬೇಕು, ಇಷ್ಟನ್ನು ಮೇಲಿನ ಮನೆಗೆ ಕೂಗಬೇಕು. ಅವರು "ಸಿಕ್ತು" ಅನ್ನಬೇಕು. ಕೂಗು ತಲುಪಿ, "ಹೊರಟ್ರು" ಎಂಬ ಉತ್ತರ ಅದೇ ಸಾಲಿನಲ್ಲಿ ವಾಪಸು ಬರುವ ತನಕ ಯಾರೂ ಜಾಗ ಬಿಡಬಾರದು. ಮನೆಯಲ್ಲಿ ಹಾಲು ಉಕ್ಕಿದರೂ ಬಿಡಬಾರದು, ಮಗು ಅತ್ತರೂ ಬಿಡಬಾರದು. ಟ್ಯಾಂಕಿನಿಂದ ಡಾಕ್ಟರ ಮನೆಗೆ ಒಂಬೈನೂರು ಹೆಜ್ಜೆಯ ದಾರಿಯನ್ನು ಕೂಗು ಒಂದೆರಡು ನಿಮಿಷದೊಳಗೆ ಮುಗಿಸುತ್ತದೆ.

ನಾನು ಇಸ್ತ್ರಿ ಮಾಡುವವಳು. ಜಗಲಿಯ ಮೇಲೆ ಮೇಜು, ಮೇಜಿನ ಮೇಲೆ ಕಂಬಳಿ, ಇದ್ದಿಲಿನ ಪೆಟ್ಟಿಗೆ, ಪಕ್ಕದಲ್ಲಿ ನೀರಿನ ಚೊಂಬು. ದಿನವಿಡೀ ನಿಂತೇ ಇರುವ ಕೆಲಸವಾದ್ದರಿಂದ ಸಾಲಿಗೆ ನನ್ನಷ್ಟು ಅನುಕೂಲದವರು ಇರಲಿಲ್ಲ. ಮನೆಯೂ ಬೀದಿಯ ತಿರುವಿನಲ್ಲಿದೆ. ಕೆಳಗಡೆ ಬಳೆ ಮಾರುವ ಹುಸೇನ್‌ಬಿಯ ಮನೆ, ಮೇಲುಗಡೆ ಟೈಲರ್ ಜಯಣ್ಣನ ಮನೆ. ಅವರಿಬ್ಬರ ಬಾಗಿಲು ಒಂದಕ್ಕೊಂದು ಕಾಣುವುದಿಲ್ಲ, ನನ್ನ ಜಗಲಿಗೆ ಎರಡೂ ಕಾಣುತ್ತವೆ. ಇಪ್ಪತ್ತೆರಡು ವರ್ಷ ನಾನು ಆ ಜಾಗದಲ್ಲಿ ನಿಂತು ಕೂಗಿದೆ. ಹೆರಿಗೆಗಳು, ಹಾವು ಕಡಿತಗಳು, ಒಂದು ಸಲ ಮದುವೆ ಮನೆಯ ಸಾಂಬಾರಿಗೆ ಉಪ್ಪು.

ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಹುಸೇನ್‌ಬಿ ಕೈ ಎತ್ತಿ ಕೂಗಿದಳು: "ನೀರು ಬಿಡೋ ಓಬಯ್ಯ, ಟ್ಯಾಂಕಿನ ಮೆಟ್ಟಿಲು, ಎದೆ ಹಿಡ್ಕೊಂಡೈತೆ, ಡಾಕ್ಟ್ರು!" ಕೂಗಿ ಮುಗಿಸಿದ ಮೇಲೆ ಅವಳಿಗೆ ತಾನು ಯಾರಿಗೆ ಹೇಳಿದೆನೆಂದು ತಿಳಿಯಿತು. ಓಬಯ್ಯ ಎಂದರೆ ನಮ್ಮ ಯಜಮಾನರು.

ನಾನು ಜಯಣ್ಣನ ಕಡೆ ತಿರುಗಲಿಲ್ಲ. ಪೆಟ್ಟಿಗೆ ಬಿಟ್ಟು ಜಗಲಿ ಇಳಿದು ಟ್ಯಾಂಕಿನ ಕಡೆಗೆ ಓಡಿದೆ. ಓಡಿದೆ ಎಂದರೆ ಒಂದು ಹೆಜ್ಜೆ. ನೆಲ ಹಿಡಿಯಿತು. ನಾನು ಎಳೆದೆ, ಅದು ಬಿಗಿಯಿತು. ಬೀದಿ ನಡುವೆ ನಿಂತು "ರೀ, ರೀ" ಎಂದು ಕಿರುಚುತ್ತಿದ್ದೆನಂತೆ. ಜಯಣ್ಣನಿಗೆ ಸದ್ದು ಕೇಳಿತೇ ಹೊರತು ಸುದ್ದಿ ಕೇಳಲಿಲ್ಲ. ಅವನು ಮಿಷನ್ ನಿಲ್ಲಿಸಿ, ಎದ್ದು, ನಡೆದು ಬಂದು, ನನ್ನನ್ನು ಕೇಳಿ, ನನ್ನಿಂದ ಉತ್ತರ ಬರದೆ ಹುಸೇನ್‌ಬಿಯನ್ನು ಕೇಳಿ, ಮತ್ತೆ ನಡೆದು ಹೋಗಿ ಮೇಲಕ್ಕೆ ಕೂಗುವ ಹೊತ್ತಿಗೆ ಆರು ನಿಮಿಷ ಹೋಗಿತ್ತು. ನೆಲ ನನ್ನನ್ನು ಬಿಟ್ಟದ್ದು ಅದಕ್ಕೂ ಆಮೇಲೆ. ನಾನು ಟ್ಯಾಂಕು ಮುಟ್ಟಿದಾಗ ಡಾಕ್ಟರು ಎದ್ದು ನಿಂತು ಕೈ ಒರೆಸಿಕೊಳ್ಳುತ್ತಿದ್ದರು. "ಈಗಷ್ಟೇ ಅಮ್ಮಾ," ಅಂದರು.

ಊರಿನಲ್ಲಿ ಯಾರೂ ನನಗೆ ಒಂದು ಮಾತು ಆಡಲಿಲ್ಲ. ಸುಳ್ಳು ಹೇಳಬಾರದು, ಎಲ್ಲರೂ ಒಳ್ಳೆಯವರೇ. ಹದಿಮೂರು ದಿನ ಊಟ ತಂದುಕೊಟ್ಟರು. ಆಮೇಲೆ ಒಂದು ದಿನ ಕೆಳಗಿನಿಂದ ಕೂಗು ಬಂತು, ನಾನು ಕೈ ಎತ್ತಿ ತಯಾರಾಗಿ ನಿಂತೆ. ಹುಸೇನ್‌ಬಿ ತನ್ನ ಬಾಗಿಲು ಬಿಟ್ಟು ಹದಿನೈದು ಹೆಜ್ಜೆ ಮುಂದೆ ಬಂದು, ಲೈಟು ಕಂಬದ ಹತ್ತಿರ ನಿಂತು, ನನ್ನ ತಲೆ ಮೇಲಿಂದ ಜಯಣ್ಣನಿಗೆ ಕೂಗಿದಳು. ಜಯಣ್ಣನೂ ಎರಡು ಹೆಜ್ಜೆ ಈಚೆ ಬಂದು "ಸಿಕ್ತು" ಅಂದ. ಮೊದಲೇ ಮಾತಾಡಿಕೊಂಡಿದ್ದರು. "ಪಾಪ, ಅವಳಿಗ್ಯಾಕೆ ತೊಂದ್ರೆ" ಎಂದು ಮಾತಾಡಿಕೊಂಡಿರಬೇಕು. ಅವತ್ತಿನಿಂದ ಊರಿನ ಕೂಗು ನನ್ನ ಮನೆಯನ್ನು ದಾಟಿಕೊಂಡು ಹೋಗುತ್ತದೆ. ನಾನು ತಲೆ ಎತ್ತದೆ ಪ್ಯಾಂಟಿನ ಗೀರು ತೀಡುತ್ತೇನೆ. ಬೈದಿದ್ದರೆ ಎರಡು ಮಾತು ತಿರುಗಿ ಬೈಯಬಹುದಿತ್ತು. ಕನಿಕರಕ್ಕೆ ಏನು ಹೇಳುವುದು?

ಈಚೆಗೆ ಒಂದು ಸೋಮವಾರ ಪರ ಊರಿನವರು ಕೈಗಾಡಿಯಲ್ಲಿ ದೊಡ್ಡ ದೊಡ್ಡ ಡಬ್ಬ ತಳ್ಳಿಕೊಂಡು ಬಂದರು. ಟ್ಯಾಂಕಿನ ಪಕ್ಕದ ಶಾಲೆಯ ಹಾಲ್‌ನಲ್ಲಿ ಮೂರು ದಿನ ಏನೋ ಆಟ ಆಡಿಸುತ್ತಾರೆಂದು ಸುದ್ದಿಯಾಯಿತು. ಅವರಲ್ಲಿ ಒಬ್ಬಳು, ಇಂಚರ ಎಂಬ ಹುಡುಗಿ, ಎಂಟು ಕರಿ ಅಂಗಿ ಹಿಡಿದು ನನ್ನ ಜಗಲಿಗೆ ಬಂದಳು. ಎಲ್ಲದರ ಬೆನ್ನ ಮೇಲೂ ಕೆಂಪು ಶಾಲು ಹೊದ್ದು ಕತ್ತಿ ಹಿಡಿದ ಒಬ್ಬ ಹೆಂಗಸಿನ ಚಿತ್ರ.

"ಅಮ್ಮಾ, ಹನ್ನೊಂದು ಗಂಟೆಗೆ ಬೇಕಿತ್ತು. ಸ್ವಲ್ಪ ಬೇಗ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಸಾರಿ. ಈ ಊರಲ್ಲಿ ಆ ಮಾತು ಆಡಬಾರದು ಅಂದಿದ್ರು."

"ಆಡಬಹುದು ಕಣಮ್ಮಾ. ಆಗಲ್ಲ, ಅಷ್ಟೇ," ಅಂದೆ. "ಏನಿದು ಆಟ?"

"ವಿಡಿಯೋ ಗೇಮ್. ಇನ್ನೂ ಮಾರೋಕೆ ಬಂದಿಲ್ಲ, ಆರು ತಿಂಗಳಾಗುತ್ತೆ. ಇದು ಡೆಮೊ. ಅರ್ಧ ಗಂಟೆಯಷ್ಟು ಮಾತ್ರ ಆಡೋಕೆ ಕೊಡ್ತೀವಿ."

"ಹಪ್ಪಳ ಕೊಳ್ಳೋಕೆ ಮುಂಚೆ ಒಂದು ಚೂರು ಮುರಿದು ಕೊಡೋ ಹಾಗೆ."

"ಹಾಗೇ!" ಹುಡುಗಿ ನಕ್ಕಳು. "ಆಡಿದ್ಮೇಲೆ ಮೊದಲ ಅನಿಸಿಕೆ ಏನು ಅಂತ ಒಂದು ಫಾರ್ಮಲ್ಲಿ ಬರ್ಕೋತೀವಿ. ಎಲ್ಲಾ ಕಡೆ ಆಡಿಸಿಯಾಯ್ತು. ಇದರಲ್ಲಿ ಬರೀ ಓಡೋದು, ಹಾರೋದು, ಹೊಡೆದಾಡೋದು. ಓಡೋದು ಅಂದ್ರೇನು ಅಂತಾನೇ ಗೊತ್ತಿಲ್ಲದವರು ಹೇಗೆ ಆಡ್ತಾರೆ ನೋಡ್ಬೇಕು ಅಂತ ನಮ್ಮ ಸರ್‌ಗೆ ಆಸೆ. ನೀವೂ ಬನ್ನಿ ಅಮ್ಮಾ."

ನನಗೆ ಒಂದು ಹೆಜ್ಜೆಯಷ್ಟು ಗೊತ್ತು ಎಂದು ನಾನು ಹೇಳಲಿಲ್ಲ. ಅಂಗಿಯ ಚಿತ್ರದ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿಕೊಟ್ಟೆ, ನೇರ ಮಾಡಿದರೆ ಬಣ್ಣ ಪೆಟ್ಟಿಗೆಗೆ ಅಂಟುತ್ತದೆ.

ಮೊದಲ ದಿನವೇ ಅರ್ಧ ಊರು ಹೋಗಿ ಬಂತು. ಎಲ್ಲರೂ ಸೋತು ಬಂದಿದ್ದರು. ಜಯಣ್ಣ ನನ್ನ ಜಗಲಿಗೆ ಒರಗಿ ನಿಂತು ಕಥೆ ಹೇಳಿದ. "ಮುದ್ದಕ್ಕ, ಏನಂತೀಯಾ? ಒಂದು ಕೋಟೆ. ಕೋಟೆ ಬಾಗಿಲಲ್ಲಿ ಕಲ್ಲಿನ ಗೂಳಿ. ನಾನು ಮರ್ಯಾದೆಯಿಂದ ನಡ್ಕೊಂಡು ಹೋಯ್ತಿದ್ದೀನಿ, ಬಂದು ಗುದ್ದೇ ಬಿಡ್ತು. ಒಂಬತ್ತು ಸಲ ಸತ್ತೆ ಕಣಕ್ಕ."

"ಫಾರ್ಮಲ್ಲಿ ಏನು ಬರೆಸಿದೆ?"

"ಗೂಳಿಗೆ ಸ್ವಲ್ಪ ತಾಳ್ಮೆ ಕಲಿಸಿ ಅಂತ ಬರೆಸ್ದೆ. ನಾಳೆ ಮತ್ತೆ ಹೋಯ್ತೀನಿ, ಬಿಡಲ್ಲ ಅದನ್ನ." ಅವನಿಗೆ ಐವತ್ತೆರಡು ವರ್ಷ. ಗೂಳಿಯ ಮಾತು ಆಡುವಾಗ ಹನ್ನೆರಡಾಗಿತ್ತು.

ಮಂಗಳವಾರ ಮಧ್ಯಾಹ್ನ ಬಟ್ಟೆ ಕಡಿಮೆಯಿತ್ತು. ಇದ್ದಿಲಿಗೆ ಬೂದಿ ಮುಚ್ಚಿ ನಾನೂ ಹೋದೆ. ಆಟ ಪುಕ್ಕಟೆ, ಆದರೆ ಐನೂರು ಹೆಜ್ಜೆ. ನಾಲ್ಕು ವರ್ಷದಿಂದ ನಾನು ಆ ದಾರಿ ತುಳಿದಿರಲಿಲ್ಲ. ಟ್ಯಾಂಕಿನ ಮೆಟ್ಟಿಲನ್ನು ನೋಡದೆ ಹಾಲ್ ಒಳಕ್ಕೆ ಹೋದೆ.

ಗೋಡೆಯಷ್ಟಗಲದ ಪರದೆ. ಬೆಂಚಿನ ಮೇಲೆ ಕೂರಿಸಿ ಕೈಗೆ ಎರಡು ಕೊಂಬಿನ ಕರಿಯ ರಿಮೋಟು ಕೊಟ್ಟಳು ಇಂಚರ. ಎಡಗಡೆಯ ಗುಂಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ಪರದೆಯ ಹೆಂಗಸು ಮುಂದಕ್ಕೆ ಹೋಗುತ್ತಾಳೆ. ಬಲಗಡೆ ನಾಲ್ಕು ಬಟನ್ನು, ಹಾರಲು, ಹೊಡೆಯಲು, ತಪ್ಪಿಸಿಕೊಳ್ಳಲು, ಬಾಗಿಲು ತೆರೆಯಲು. ನಾನು ಕೂಸಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ಒತ್ತಿದೆ. ಕೆಂಪು ಶಾಲಿನವಳು ನಡೆದಳು. ಗೂಳಿ ಬಂದು ಗುದ್ದಿತು. ಮತ್ತೆ ಒತ್ತಿದೆ, ಮತ್ತೆ ನಡೆದಳು, ಮತ್ತೆ ಗುದ್ದಿತು. ಹಿಂದೆ ಬೆಂಚಿನ ಮೇಲಿದ್ದವರು ಸಾಲು ಕಟ್ಟಿ ಕೂಗಿದರು: "ಬಲಗಡೆ ಗೂಳಿ!" "ಬಲಗಡೆ ಗೂಳಿ!" "ಬಲಗಡೆ ಗೂಳಿ!" ಕೂಗು ನನ್ನ ಕಿವಿಗೆ ಬರುವಷ್ಟರಲ್ಲಿ ಗೂಳಿ ಬಂದಾಗಿತ್ತು.

"ಅಮ್ಮಾ, ಪೂರ್ತಿ ಒತ್ತಿ," ಅಂದಳು ಇಂಚರ. "ಏನೂ ಆಗಲ್ಲ. ಒತ್ತಿ."

"ಹಿಡ್ಕೊಳ್ಳಲ್ವಾ?"

"ಏನು?"

"ನೆಲ."

ಹುಡುಗಿ ನನ್ನ ಮುಖ ನೋಡಿದಳು. "ಇಲ್ಲ ಅಮ್ಮಾ. ಅಲ್ಲಿ ಹಿಡ್ಕೊಳ್ಳಲ್ಲ."

ಪೂರ್ತಿ ಒತ್ತಿದೆ. ಅವಳು ಓಡಿದಳು. ಒಂದು, ಎರಡು, ಮೂರು, ನಾಲ್ಕನೆಯ ಹೆಜ್ಜೆಯೂ ಎದ್ದಿತು. ಎಲ್ಲವೂ ಎದ್ದವು. ನಾನು ಅವಳ ಕಾಲನ್ನೇ ನೋಡಿದೆ. ಓಡುವಾಗ ಒಂದು ಕ್ಷಣ ಎರಡೂ ಕಾಲು ನೆಲ ಬಿಟ್ಟಿರುತ್ತವೆ, ಅದು ನನಗೆ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ಮನುಷ್ಯ ಯಾರ ಕೈಗೂ ಸಿಕ್ಕಿರುವುದಿಲ್ಲ. ಗಾಳಿಯ ಸದ್ದು, ಅವಳ ಏದುಸಿರು, ಕಲ್ಲಿನ ಮೇಲೆ ಜೋಡು ಬಡಿಯುವ ಸದ್ದು. ಬೆಂಚಿನ ಕೆಳಗೆ ನನ್ನ ಎರಡೂ ಪಾದ ಬೆರಳ ಮೇಲೆ ನಿಂತಿದ್ದವು. ಅಷ್ಟು ಓಡಿದರೂ ಶಾಲು ಮಾತ್ರ ಒಂದು ಸುಕ್ಕೂ ಆಗಲಿಲ್ಲ, ಅದನ್ನು ಗಮನಿಸಿ ಇಂಚರಳಿಗೆ ಹೇಳಿದೆ. ಅವಳು ಬರೆದುಕೊಂಡಳು.

ಗೂಳಿ ಹಿಂದುಳಿಯಿತು. ಮುಂದೆ ಒಂದು ಸೇತುವೆ. ಸೇತುವೆಯ ಆ ತುದಿಯಲ್ಲಿ ಒಬ್ಬ ಮುದುಕ ಪಹರೆಯವನು. ಅಲ್ಲಿಯ ತನಕ ಆಗಾಗ ಮೇಲಿನಿಂದ ದಾರಿ ತೋರಿಸುತ್ತಿದ್ದ ಒಳ್ಳೆಯ ಜೀವ. ಎಲ್ಲಿಂದಲೋ ಬಾಣ ಬಂದು ಅವನು ಬಿದ್ದ. ಪರದೆಯ ಮೇಲೆ ದೊಡ್ಡ ಅಕ್ಷರ ಬಂತು: ಓಡು.

ಓಡಿದೆ. ಸೇತುವೆಯ ಹಲಗೆ ಒಂದೊಂದೇ ಮುರಿದು ಬೀಳುತ್ತಿತ್ತು, ಹಾರಿದೆ. ಅವನ ಹತ್ತಿರ ಹೋದೆ. ಅವನು ತಲೆ ಎತ್ತಿ "ಬಂದೆಯಾ" ಅಂದ. ಅಷ್ಟೇ. ಕಣ್ಣು ಮುಚ್ಚಿದ.

"ಇನ್ನೊಂದು ಸಲ ಆಡ್ತೀನಿ," ಅಂದೆ.

ಎರಡನೆಯ ಸಲ ಹಲಗೆಗಳು ಗೊತ್ತಿದ್ದವು, ಇನ್ನೂ ಬೇಗ ಹೋದೆ. "ಬಂದೆಯಾ." ಮೂರನೆಯ ಸಲ ಗೂಳಿಯ ಹತ್ತಿರವೇ ಹೊತ್ತು ಉಳಿಸಿದೆ. "ಬಂದೆಯಾ." ನಾಲ್ಕನೆಯ ಸಲ ಒಂದೂ ತಪ್ಪಿಲ್ಲದೆ ಓಡಿದೆ. ಹಿಂದಿನ ಬೆಂಚಿನವರೆಲ್ಲ ಗೂಳಿಯ ಕೂಗು ಬಿಟ್ಟು ನನ್ನ ಕೈ ನೋಡುತ್ತಿದ್ದರು. ಅಲ್ಲಿ ಜಯಣ್ಣನೂ ಇದ್ದ. ನಾನು ಯಾರನ್ನು ಮುಟ್ಟಲು ಓಡುತ್ತಿದ್ದೇನೆಂದು ಅವರಿಗೆಲ್ಲ ಗೊತ್ತಿತ್ತು.

"ಬಂದೆಯಾ."

"ಎಷ್ಟು ಬೇಗ ಹೋದ್ರೆ ಇವನು ಉಳೀತಾನಮ್ಮಾ?" ಎಂದು ಕೇಳಿದೆ.

"ಉಳಿಯಲ್ಲ ಅಮ್ಮಾ. ಎಷ್ಟು ಬೇಗ ಓಡಿದ್ರೂ ಸಾಯ್ತಾನೆ. ಕಥೆ ಹಾಗೇ ಬರೆದಿರೋದು."

"ಡಾಕ್ಟ್ರು ಇಲ್ವಾ ಆ ಕೋಟೆಯಲ್ಲಿ?"

"ವೈದ್ಯ ಇದ್ದಾನೆ. ಗೋಪುರದಲ್ಲಿ. ಆಮೇಲೆ ಬರ್ತಾನೆ, ಡೆಮೊದಲ್ಲಿ ಇಲ್ಲ."

"ಗೋಪುರ ಈ ಸೇತುವೆಯಿಂದ ಕಾಣುತ್ತಲ್ಲ. ನಾನು ಓಡಲ್ಲ, ಇಲ್ಲೇ ನಿಂತು ಕೂಗ್ತೀನಿ. ಕೂಗೋಕೆ ಯಾವ ಬಟನ್ನು?"

ಇಂಚರ ರಿಮೋಟು ತಿರುಗಿಸಿ ನೋಡಿದಳು, ತಾನು ಮಾಡಿದ್ದೇ ತನಗೆ ಗೊತ್ತಿಲ್ಲವೇನೋ ಎಂಬಂತೆ. "ಕೂಗೋಕೆ ಬಟನ್ ಇಲ್ಲ ಅಮ್ಮಾ. ಇಷ್ಟು ಊರಲ್ಲಿ ಯಾರೂ ಕೇಳಿರಲಿಲ್ಲ." ಫಾರ್ಮು ತೆಗೆದು, "ಮೊದಲ ಅನಿಸಿಕೆ ಏನು ಬರೀಲಿ?" ಅಂದಳು.

"ಓಟ ಚೆನ್ನಾಗಿದೆ. ಕೂಗೋಕೆ ಒಂದು ಬಟನ್ನು ಬೇಕು, ಅಂತ ಬರಿ."

ವಾಪಸು ಬರುವಾಗ ಟ್ಯಾಂಕಿನ ಮೆಟ್ಟಿಲನ್ನು ನೋಡಿದೆ. ಏಳನೆಯ ಮೆಟ್ಟಿಲು. ಎಷ್ಟು ಬೇಗ ಓಡಿದರೂ ಸಾಯುತ್ತಾನೆ, ಕಥೆ ಹಾಗೇ ಬರೆದಿರುವುದು. ಹುಡುಗಿ ಆಟದ ಮಾತು ಹೇಳಿದ್ದಳು. ನಾನು ಬೇರೆ ಅರ್ಥಕ್ಕೆ ಎತ್ತಿಟ್ಟುಕೊಂಡೆ. ನಾಲ್ಕು ವರ್ಷದಿಂದ ಡಾಕ್ಟರ "ಈಗಷ್ಟೇ" ಎಂಬ ಮಾತನ್ನು ನಾನು ಅಕ್ಕಿಯ ಕಲ್ಲಿನ ಹಾಗೆ ಹೆಕ್ಕಿ ಹೆಕ್ಕಿ ನೋಡಿದ್ದೆ. ಆರು ನಿಮಿಷ ಮುಂಚೆ ಡಾಕ್ಟರು ಬಂದಿದ್ದರೆ ನಮ್ಮ ಯಜಮಾನರು ಬದುಕಿರುವಾಗ ಬಂದಿರುತ್ತಿದ್ದರು, ಅದು ಖಂಡಿತ. ಆದರೆ ಬಂದು ಮಾಡುವುದೇನಿತ್ತು? ಅದೇನೂ ಇರಲಿಲ್ಲವೇನೋ, ಎದೆ ನಿಲ್ಲುವುದು ನಿಲ್ಲಲೇಬೇಕಿತ್ತೇನೋ. ಈ ಒಂದು ಅನುಮಾನವನ್ನು ನಂಬಿಕೊಂಡೇ ನಾನು ದಿನಾ ಬೆಳಗ್ಗೆ ಎದ್ದು ಇದ್ದಿಲು ಊದುತ್ತಿದ್ದುದು. ಅವತ್ತು ಅದಕ್ಕೆ ಇನ್ನೊಂದು ಊರುಗೋಲು ಸಿಕ್ಕ ಹಾಗಾಯಿತು. ಚೆನ್ನಾಗಿ ಉಂಡೆ.

ಬುಧವಾರ ಕಡೆಯ ದಿನ. ಊರಿಗೆ ಊರೇ ಹಾಲ್ ಸೇರಿತು. ಗೂಳಿಯನ್ನು ದಾಟಿದವರು ಹತ್ತು ಜನ ಎಂದು ಬೆಳಗ್ಗೆ ಸುದ್ದಿ ಬಂತು. ಜಯಣ್ಣ ಹೆಂಡತಿಯನ್ನೂ ಕರೆದುಕೊಂಡು, ಬಾಗಿಲಿಗೆ ಬೀಗ ಜಡಿದು ಹೊರಟ. "ಮುದ್ದಕ್ಕ, ಇವತ್ತು ಸೇತುವೆ ಮುಟ್ಟದೆ ಬಂದ್ರೆ ನನ್ ಹೆಸರು ಜಯಣ್ಣ ಅಲ್ಲ."

"ಸಾಲಿನ ಮನೆಗೆ ಬೀಗ ಹಾಕ್ತಾರೇನೋ?" ಅಂದೆ.

"ಊರೆಲ್ಲ ಅಲ್ಲೇ ಐತೆ. ಕೂಗೋರ್ಯಾರು, ಕೇಳೋರ್ಯಾರು?" ನಕ್ಕುಕೊಂಡು ನಡೆದ.

ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ. ಮೊಣಕಾಲು ನೋವೆಂದು ಹುಸೇನ್‌ಬಿ ಹೋಗಿರಲಿಲ್ಲ. ತಿರುವಿನಾಚೆ, ಜಯಣ್ಣನ ಮನೆಯಿಂದ ಇನ್ನೂ ಎರಡು ಮನೆ ಮೇಲೆ, ಲಲಿತಮ್ಮ ಮನೆಯಲ್ಲಿರಬೇಕು. ಮೊಮ್ಮಗಳ ಬಾಣಂತನದಲ್ಲಿದ್ದಳು. ಅಲ್ಲಿಂದ ಡಾಕ್ಟರ ಮನೆ ತನಕ ಒಬ್ಬರೋ ಇಬ್ಬರೋ. ನಾನು ಪಂಚೆಯೊಂದಕ್ಕೆ ನೀರು ಚಿಮುಕಿಸುತ್ತಿದ್ದೆ. ಆಗ ಕೆಳಗಿನಿಂದ ಕೂಗು ಬಂತು.

ಹುಸೇನ್‌ಬಿ ಬಾಗಿಲಿಗೆ ಬಂದು ಕೇಳಿಸಿಕೊಂಡಳು, "ಸಿಕ್ತು" ಅಂದಳು. ನಾಲ್ಕು ವರ್ಷದ ರೂಢಿಯಂತೆ ಕುಂಟುತ್ತಾ ಹದಿನೈದು ಹೆಜ್ಜೆ ಮುಂದೆ ಬಂದು, ಕಂಬ ಹಿಡಿದು, ಕೈ ಎತ್ತಿ, ನನ್ನ ತಲೆ ಮೇಲಿಂದ ಜಯಣ್ಣನ ಬಾಗಿಲಿಗೆ ಕೂಗಿದಳು: "ಟೈಲರ್ ಜಯಣ್ಣ, ಶಾಲೆ ಹಾಲು, ಎದೆ ಹಿಡ್ಕೊಂಡೈತೆ, ಡಾಕ್ಟ್ರು!"

ಜಯಣ್ಣನ ಬಾಗಿಲಲ್ಲಿ ಬೀಗ ತೂಗುತ್ತಿತ್ತು.

ಹುಸೇನ್‌ಬಿ ಎತ್ತಿದ ಕೈ ಇಳಿಸಲಿಲ್ಲ. ತಾನು ಜಯಣ್ಣನ ಸುದ್ದಿಯನ್ನು ಜಯಣ್ಣನಿಗೇ ಕೂಗಿದ್ದು ಆಗ ಅವಳಿಗೆ ಹೊಳೆಯಿತು. ಬೀಗ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾಲ್ಕು ವರ್ಷದಲ್ಲಿ ಕೂಗಿನ ಹೊತ್ತಿನಲ್ಲಿ ಅವಳು ನನ್ನ ಕಣ್ಣು ನೋಡಿದ್ದು ಅದೇ ಮೊದಲು.

"ಮುದ್ದಕ್ಕಾ," ಅಂದಳು. ಕೂಗಲಿಲ್ಲ, ಅಂದಳು.

ನನ್ನ ಕಾಲು ಜಗಲಿಯ ಅಂಚಿನಲ್ಲಿತ್ತು. ಡಾಕ್ಟರ ಮನೆ ನಾನೂರು ಹೆಜ್ಜೆ, ನಾಲ್ಕು ನಿಮಿಷ. ಮುಂಚಿನ ದಿನ ನಾಲ್ಕು ಸಲ ಓಡಿದ ಕಾಲು. ಇಳಿದುಬಿಡು, ನೀನೇ ಹೋಗು ಎಂದು ಅದು ಹೇಳುತ್ತಿತ್ತು. ನಾನು ಮೇಜನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದೆ. ಜಯಣ್ಣನ ಮನೆಯ ಕಡೆ ತಿರುಗಿದೆ, ಅದರ ಮೇಲಿಂದ ತಿರುವಿನಾಚೆಗೆ ನೋಡಿದೆ, ಬಲಗೈ ಎತ್ತಿದೆ, ಕೂಗಿದೆ.

ಉತ್ತರವಿಲ್ಲ.

ಎರಡನೆಯ ಸಲ ಕೂಗಿದೆ. ನಾಲ್ಕು ವರ್ಷ ಬಳಸದ ಗಂಟಲು, ತುಕ್ಕು ಹಿಡಿದ ಕೀಲಿನ ಹಾಗೆ ಕಿರುಗುಟ್ಟಿತು. ಚೊಂಬಿನ ನೀರು ಚೆಲ್ಲಿ, ಖಾಲಿ ಚೊಂಬಿನಿಂದ ಜಗಲಿಯ ತಗಡಿಗೆ ಮೂರು ಸಲ ಬಡಿದೆ. ಬಡಿದ ಸದ್ದು ನಿಲ್ಲುವ ಮುಂಚೆಯೇ ಮೂರನೆಯ ಸಲ ಕೂಗಿದೆ, ಒಂದೊಂದು ಮಾತನ್ನೂ ಬಿಡಿಸಿ, ನಡುನಡುವೆ ಉಸಿರು ತೆಗೆದುಕೊಂಡು. ಯಾರು. ಎಲ್ಲಿ. ಏನು. ಯಾರನ್ನು.

ತಿರುವಿನಾಚೆಯಿಂದ ತೆಳ್ಳಗೆ ಲಲಿತಮ್ಮನ ದನಿ ಬಂತು: "ಸಿಕ್ತು!"

ಆಮೇಲೆ ನಿಲ್ಲುವುದು. ಕೂಗುವುದಕ್ಕಿಂತ ಅದು ಕಷ್ಟ. ಪಂಚೆ ಸುಟ್ಟ ವಾಸನೆ ಬಂತು, ಪೆಟ್ಟಿಗೆಯನ್ನು ಅದರ ಮೇಲೇ ಬಿಟ್ಟಿದ್ದೆ. ಅರ್ಧ ಹೆಜ್ಜೆ ಹಿಂದೆ ಸರಿದರೆ ಎತ್ತಿಡಬಹುದಿತ್ತು. ಎತ್ತಲಿಲ್ಲ. ಹುಸೇನ್‌ಬಿ ಕಂಬ ಹಿಡಿದೇ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಹೊರಟ್ರು!"

"ಹೊರಟ್ರು," ಎಂದು ಹುಸೇನ್‌ಬಿಗೆ ಕೂಗಿದೆ. ಅವಳು ಕೆಳಕ್ಕೆ ತಿರುಗಿ ಕೂಗಿದಳು. ನಾನು ಪೆಟ್ಟಿಗೆ ಎತ್ತಿದೆ. ಪಂಚೆಯಲ್ಲಿ ದೋಣಿಯಾಕಾರದ ತೂತು. ಡಾಕ್ಟರು ಚೀಲ ಹಿಡಿದು ನನ್ನ ಜಗಲಿ ಮುಂದೆ ನಡೆದುಹೋದರು. ನಡೆಯುತ್ತಲೇ ನನ್ನ ಕಡೆ ಒಂದು ಸಲ ತಲೆ ಆಡಿಸಿದರು.

ಜಯಣ್ಣ ಸೇತುವೆ ಮುಟ್ಟಿದ್ದನಂತೆ. ಗೂಳಿಯನ್ನು ದಾಟಿ, ಹಲಗೆ ಹಾರಿ, "ನೋಡ್ರೋ, ನೋಡ್ರೋ" ಎಂದು ಕಿರುಚಿ, ಹಾಗೇ ಬೆಂಚಿನಿಂದ ಜಾರಿದನಂತೆ. ಓಡಿದ್ದು ಪರದೆಯವಳು, ಏದಿದ್ದು ಇವನ ಎದೆ. ಇಂಚರ ಗಾಬರಿಯಲ್ಲಿ ಡಾಕ್ಟರನ್ನು ಕರೆಯಲು ಓಡಿ, ಹಾಲ್ ಬಾಗಿಲಲ್ಲೇ ನೆಲಕ್ಕೆ ಸಿಕ್ಕಿಬಿದ್ದು, ಎಲ್ಲ ಮುಗಿಯುವ ತನಕ ಅಲ್ಲೇ ಅಳುತ್ತಾ ನಿಂತಿದ್ದಳಂತೆ. ಸಂಜೆ ಹೊರಡುವ ಮುಂಚೆ ನನ್ನ ಜಗಲಿಗೆ ಬಂದಳು. ಅವಳ ಚಪ್ಪಲಿಯ ಒಂದು ಪಟ್ಟಿ ಕಿತ್ತಿತ್ತು.

"ಅಮ್ಮಾ, ಆ ಬಟನ್ ಹಾಕಿಸ್ತೀನಿ," ಅಂದಳು. "ನಮ್ಮ ಸರ್ ಒಪ್ಪಲಿಲ್ಲ ಅಂದ್ರೂ ಜಗಳ ಆಡ್ತೀನಿ."

"ಹಾಕಿಸಿದ್ರೆ ಆ ಮುದುಕನೂ ಉಳೀಬೇಕಾಗುತ್ತೆ, ನೋಡ್ಕೋ," ಅಂದೆ. ಸುಮ್ಮನೆ ತಮಾಷೆಗೆ ಅಂದ ಮಾತು. ಅಂದ ಮೇಲೆ ನನಗೇ ಕೇಳಿಸಿತು.

ಮಾರನೆಯ ದಿನ ಡಾಕ್ಟರು ತಮ್ಮ ಅಂಗಿಗಳನ್ನು ತೆಗೆದುಕೊಳ್ಳಲು ಬಂದರು. ಜಯಣ್ಣ ಚೆನ್ನಾಗಿದ್ದಾನೆ, ಎರಡು ವಾರ ಮಲಗಿರಬೇಕು, ಗಂಜಿಗೆ ಉಪ್ಪು ಸಾಲದೆಂದು ಹೆಂಡತಿಯ ಹತ್ತಿರ ಆಗಲೇ ಜಗಳ ತೆಗೆದಿದ್ದಾನೆ ಅಂದರು.

"ಏನು ಮಾಡಿದ್ರಿ ಡಾಕ್ಟ್ರೇ?"

"ನಾಲಿಗೆ ಕೆಳಗೆ ಒಂದು ಮಾತ್ರೆ, ಒಂದು ಇಂಜೆಕ್ಷನ್. ಅದೇನು ದೊಡ್ಡದಲ್ಲ ಮುದ್ದಮ್ಮಾ. ಹೊತ್ತಿಗೆ ಸಿಕ್ಕಿದ್ದು ದೊಡ್ಡದು. ಇನ್ನು ಐದಾರು ನಿಮಿಷ ತಡ ಆಗಿದ್ರೆ..." ಅಲ್ಲಿಗೆ ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಆದರೆ ಅಷ್ಟು ಹೊತ್ತಿಗೆ ಹೇಳಿಬಿಟ್ಟಿದ್ದರು. ಅಂಗಿಯ ಕಂತೆಯನ್ನು ಎದೆಗೆ ಹಿಡಿದುಕೊಂಡು ನಡೆದರು.

ಅವತ್ತೇ ಮಧ್ಯಾಹ್ನ ಇನ್ನೊಂದು ಕೂಗು ಬಂತು, ಯಾರದೋ ಹಸು ಚರಂಡಿಗೆ ಬಿದ್ದಿತ್ತು. ಹುಸೇನ್‌ಬಿ ಕಂಬದ ತನಕ ಬರಲಿಲ್ಲ. ತನ್ನ ಬಾಗಿಲಲ್ಲೇ ನಿಂತು ನನ್ನ ಹೆಸರು ಹಿಡಿದು ಕೂಗಿದಳು. ನಾನು "ಸಿಕ್ತು" ಅಂದೆ.

ಒಟ್ಟು ಆದದ್ದು ಇಷ್ಟು. ಒಂದು ಪಂಚೆ ಸುಟ್ಟಿತು. ಜಯಣ್ಣ ಉಳಿದ. ಸಾಲಿನಲ್ಲಿ ನನ್ನ ಜಾಗ ನನಗೆ ವಾಪಸು ಸಿಕ್ಕಿತು. ಅದೇ ಕಾಯಿಲೆ, ಅದೇ ದಾರಿ, ಅದೇ ಒಂಬೈನೂರು ಹೆಜ್ಜೆ. ಅವತ್ತು ನಾನು ನಿಂತು ಕೂಗಿದ್ದರೆ ನಮ್ಮ ಯಜಮಾನರೂ ಉಳಿಯುತ್ತಿದ್ದರು. ನಾಲ್ಕು ವರ್ಷ ನನ್ನನ್ನು ಕಾಪಾಡಿದ್ದ ಅನುಮಾನ ಈಗ ಇಲ್ಲ.